ಎತ್ತರಿಸಿದ ಗಾಡಿ, ನೆಲ ಬಿಟ್ಟ ಚಕ್ರ

ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ಪನ್ನು ಎತ್ತರಿಸಬೇಕೆಂದು ಗ್ಯಾರೇಜಿಗೆ ತರುವ ಹೆಚ್ಚಿನವರ ಗಾಡಿ ಮೊದಲೇ ಕುಸಿದಿರುತ್ತದೆ. ಅದು ಸಂಡೂರಿನ ಗಣಿಯಲ್ಲಿ ವರ್ಷಗಟ್ಟಲೆ ಸೈಟ್ ಗಾಡಿಯಾಗಿ ದುಡಿದು ಹರಾಜಿಗೆ ಬಂದ ಬೊಲೆರೊ ಕ್ಯಾಂಪರ್ ಇರಬಹುದು, ಕಂಪ್ಲಿ ಕಡೆಯ ರೈತರ ಮನೆಯಲ್ಲಿ ಭತ್ತದ ಚೀಲ, ಗೊಬ್ಬರ, ಆಳುಗಳನ್ನು ಹೊತ್ತು ಹಳತಾದ ಮಹೀಂದ್ರ ಜೀಪು ಇರಬಹುದು. ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಕಮಾನು ಕಳೆದುಕೊಂಡು ಚಪ್ಪಟೆಯಾಗಿರುತ್ತವೆ. ಪ್ಲೇಟಿನ ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಶ್ಯಾಕಲ್ಲಿನ ಬುಷ್‌ಗಳು ಸವೆದಿರುತ್ತವೆ. ಶಾಕ್ ಅಬ್ಸಾರ್ಬರ್ ಎಣ್ಣೆ ಕಕ್ಕಿ ವರ್ಷವಾಗಿರುತ್ತದೆ. ಯಜಮಾನರು ಕೇಳುವುದು ಮೂರು ಇಂಚು ಎತ್ತರ. ಗಾಡಿಗೆ ಬೇಕಾಗಿರುವುದು ತನ್ನ ಮೊದಲಿನ ಕಾಲು.

ಈ ವಿಷಯದಲ್ಲಿ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಫೋರ್ ವೀಲ್ ಗಾಡಿಯ ಯೋಗ್ಯತೆ ಇರುವುದು ಅದರ ನಾಲ್ಕೂ ಚಕ್ರ ಎಂಥ ಉಬ್ಬುತಗ್ಗಿನಲ್ಲೂ ನೆಲಕ್ಕೆ ಒತ್ತಿಕೊಂಡಿರುವುದರಲ್ಲಿ. ಎತ್ತರಿಸುವ ಕೆಲಸ ಆ ಗುಣವನ್ನು ಉಳಿಸಿಕೊಂಡು ನಡೆದರೆ ಅದಕ್ಕೆ ಅರ್ಥವಿದೆ, ಕಳೆದರೆ ಅದು ಹಾನಿ. ಹೊಸಪೇಟೆ, ಸಂಡೂರು, ಕಂಪ್ಲಿಯ ಸುತ್ತ ರೂಢಿಗೆ ಬಂದಿರುವ ಕ್ರಮ ಅದನ್ನು ಕಳೆಯುತ್ತದೆ. ಆ ರೂಢಿ ಅದಿರಿನ ಲಾರಿಗಳಿಂದ ಕಲಿತದ್ದು. ಕಾನೂನು ಎಲ್ಲ ಬದಲಾವಣೆಗೂ ಒಂದೇ ಬಾಗಿಲು ಮುಚ್ಚಿ, ಒಳ್ಳೆಯ ಕೆಲಸವನ್ನೂ ಕೆಟ್ಟ ಕೆಲಸವನ್ನೂ ಒಂದೇ ಕತ್ತಲಿಗೆ ತಳ್ಳಿದೆ.

ಅದಿರಿನ ಕಾಲವನ್ನು ನೆನೆಯದೆ ನಮ್ಮ ಭಾಗದ ಗ್ಯಾರೇಜನ್ನು ಅರ್ಥಮಾಡಿಕೊಳ್ಳಲಾಗದು. ಚೀನಾದ ಬೇಡಿಕೆ ಏರಿ, 2008ರ ಬೀಜಿಂಗ್ ಒಲಿಂಪಿಕ್ಸ್‌ನ ಹೊತ್ತಿಗೆ ಅದಿರಿನ ಬೆಲೆ ಮುಗಿಲು ಮುಟ್ಟಿದಾಗ ಹೊಸಪೇಟೆ–ಸಂಡೂರು–ತೋರಣಗಲ್ಲು ದಾರಿಗಳಲ್ಲಿ ಹಗಲು ರಾತ್ರಿ ಲಾರಿ ಸಾಲು ನಿಂತದ್ದನ್ನು ಕಂಡವರು ಮರೆತಿಲ್ಲ. ಕಬ್ಬಿಣದ ಅದಿರಿಗೆ ಒಂದು ಸ್ವಭಾವವಿದೆ. ಅದು ಮರಳಿಗಿಂತ ತೀರಾ ಭಾರ. ಆಗಿನ ಎರಡು ಆಕ್ಸಲ್ಲಿನ ಲಾರಿಗೆ ಒಟ್ಟು ತೂಕದ ಮಿತಿ 16.2 ಟನ್, ಅದರಲ್ಲಿ ಸರಕಿನ ಪಾಲು ಹತ್ತು ಟನ್ ಆಸುಪಾಸು. ಅಷ್ಟು ಅದಿರು ತುಂಬಿದರೆ ಲಾರಿಯ ಬಾಡಿ ಇನ್ನೂ ಖಾಲಿ ಇದ್ದಂತೆ ಕಾಣುತ್ತದೆ. ತುಂಬಿಸುವವನ ಕಣ್ಣಿಗೆ ಜಾಗ ಕಾಣುತ್ತದೆ, ಆಕ್ಸಲ್ಲಿನ ಮೇಲಿನ ಭಾರ ಕಾಣುವುದಿಲ್ಲ. ಟನ್ನಿಗಿಷ್ಟು ಎಂದು ಬಾಡಿಗೆ ಎಣಿಸುವಾಗ, ಕಂತು ಕಟ್ಟಬೇಕಾದ ಮಾಲೀಕ ಜಾಗ ಇದ್ದಷ್ಟೂ ತುಂಬಿಸಿದ. ಪ್ಲೇಟುಗಳು ಕುಸಿದವು. ಕುಸಿದ ಸೆಟ್ಟಿಗೆ ಇನ್ನೊಂದು ಪ್ಲೇಟು, ಅದೂ ಸಾಲದಾದಾಗ ಮತ್ತೊಂದು. ಹೀಗೆ ಪ್ಲೇಟು ಸೇರಿಸುವುದೇ ಗಾಡಿಯ ಎಲ್ಲ ಕಾಯಿಲೆಗೂ ಮದ್ದಾಯಿತು. ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ ಅಕ್ರಮ ಗಣಿಗಾರಿಕೆಯ ಕುರಿತು 2008ರ ಡಿಸೆಂಬರಿನಲ್ಲಿ ಮೊದಲ ವರದಿಯನ್ನೂ 2011ರ ಜುಲೈ 27ರಂದು ಎರಡನೆಯದನ್ನೂ ಕೊಟ್ಟರು. ಅದಾಗಿ ಎರಡೇ ದಿನಕ್ಕೆ, ಜುಲೈ 29ರಂದು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿಗಳು ಮಿತಿಯೊಳಗೆ ಮತ್ತೆ ತೆರೆದವು. ಲಾರಿಗಳ ಆ ಹುಚ್ಚು ಓಟ ಇಳಿಯಿತು, ಅದು ಕಲಿಸಿದ ಪಾಠ ಮಾತ್ರ ಗ್ಯಾರೇಜಿನಲ್ಲಿ ಉಳಿಯಿತು. ಇವತ್ತು ಹಳೆಯ ಜೀಪನ್ನೋ ಪಿಕಪ್ಪನ್ನೋ ಒಯ್ದು ನಿಲ್ಲಿಸಿ, "ಅಣ್ಣಾ, ಸ್ವಲ್ಪ ಎತ್ತರ ಆಗ್ಬೇಕು" ಎಂದರೆ ಮೊದಲು ಬರುವ ಉತ್ತರ, "ಪ್ಲೇಟ್ ಹಾಕೋಣ ಬಿಡ್ರಿ."

ಆ ಮೇಸ್ತ್ರಿಯ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಬಿಡಿಭಾಗ ಸಿಗದ ಗಾಡಿಯನ್ನು ಅವರು ಓಡಿಸಿ ತೋರಿಸುತ್ತಾರೆ. ಆದರೆ ಲಾರಿಯ ಅಗತ್ಯವೇ ಬೇರೆ, ಫೋರ್ ವೀಲ್ ಗಾಡಿಯ ಅಗತ್ಯವೇ ಬೇರೆ. ಲಾರಿ ಸಮತಟ್ಟಾದ ದಾರಿಯಲ್ಲಿ ಭಾರ ಹೊರಬೇಕು, ಅದಕ್ಕೆ ಬಿಗಿ ಪ್ಲೇಟು ಬೇಕು. ಫೋರ್ ವೀಲ್ ಗಾಡಿ ದಾರಿಯೇ ಇಲ್ಲದ ಕಡೆ ಹಿಡಿತ ಹುಡುಕಬೇಕು, ಅದಕ್ಕೆ ಮೆತ್ತಗೆ ಬಾಗುವ ಪ್ಲೇಟು ಬೇಕು.

ಪ್ಲೇಟಿನ ಲೆಕ್ಕ ಸುಲಭವಾಗಿದ್ದರೂ ಕಣ್ಣಿಗೆ ಮೋಸ ಮಾಡುವಂಥದ್ದು. ಒಂದೇ ದಪ್ಪದ ಐದು ಪ್ಲೇಟಿಗೆ ಅಂಥದ್ದೇ ಆರನೆಯದು ಸೇರಿಸಿದರೆ ಸೆಟ್ಟಿನ ಬಿಗಿ ಸುಮಾರು ಶೇಕಡ 20ರಷ್ಟು ಹೆಚ್ಚುತ್ತದೆ. ದಪ್ಪ ಹೆಚ್ಚಿದಾಗ ಲೆಕ್ಕ ಬೇರೆಯಾಗುತ್ತದೆ, ಏಕೆಂದರೆ ಬಿಗಿ ಬೆಳೆಯುವುದು ದಪ್ಪದ ಘನದ ಪ್ರಮಾಣದಲ್ಲಿ. 6 ಮಿಲಿಮೀಟರಿನ ಪ್ಲೇಟಿನ ಜಾಗದಲ್ಲಿ ಅಷ್ಟೇ ಅಗಲ, ಅಷ್ಟೇ ಉದ್ದದ 8 ಮಿಲಿಮೀಟರಿನದನ್ನು ಕೂರಿಸಿದರೆ ಅದು ಎರಡು ಪಟ್ಟಿಗೂ ಹೆಚ್ಚು ಬಿಗಿ. 12 ಮಿಲಿಮೀಟರಿನದನ್ನು ಕೂರಿಸಿದರೆ ಅದೊಂದೇ 6 ಮಿಲಿಮೀಟರಿನ ಎಂಟು ಪ್ಲೇಟಿಗೆ ಸಮ. ಹಳೆಯ ಲಾರಿಯ ಪ್ಲೇಟನ್ನು ಕತ್ತರಿಸಿ ಜೀಪಿನ ಸೆಟ್ಟಿಗೆ ಸೇರಿಸಿದಾಗ ಆಗುವುದು ಇದೇ. ಗಾಡಿ ಎದ್ದು ನಿಲ್ಲುತ್ತದೆ, ಯಜಮಾನರಿಗೆ ಸಂತೋಷವಾಗುತ್ತದೆ. ಆಮೇಲೆ ಆ ಸೆಟ್ಟು ಬಾಗುವುದೇ ಇಲ್ಲ. ಬಾಗಲೇಬೇಕಾದಾಗ, ಅಷ್ಟೇ ಬಾಗುವಿಕೆಗೆ ದಪ್ಪ ಪ್ಲೇಟಿನೊಳಗಿನ ಒತ್ತಡ ತೆಳು ಪ್ಲೇಟಿಗಿಂತ ಹೆಚ್ಚಿರುವುದರಿಂದ ಮೊದಲು ಮುರಿಯುವುದೂ ಅದೇ.

ಇನ್ನೊಂದು ರೂಢಿ ಇದಕ್ಕಿಂತ ಅಪಾಯದ್ದು. ಚಪ್ಪಟೆಯಾದ ಪ್ಲೇಟನ್ನು ಗ್ಯಾಸ್ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಬಡಿದು ಬಗ್ಗಿಸಿ, ಹಾಗೆಯೇ ಆರಲು ಬಿಡುವುದು. ಪ್ಲೇಟಿನ ಉಕ್ಕು ಸಾಮಾನ್ಯ ಕಬ್ಬಿಣವಲ್ಲ. ಅದನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಗಡಸು ಮಾಡಿ, ಮತ್ತೆ ತಕ್ಕ ಶಾಖದಲ್ಲಿ ಹದಗೊಳಿಸಿದಾಗಲೇ ಬಾಗಿ ಮರಳುವ ಗುಣ ಬರುತ್ತದೆ. ಆ ಎರಡನೆಯ ಶಾಖ ಮೊದಲಿನದಕ್ಕಿಂತ ಬಹಳ ಕಡಿಮೆ, ಮತ್ತು ಅದರ ಅಂದಾಜು ತಪ್ಪಬಾರದು. ಬೀದಿಬದಿಯ ಗ್ಯಾಸ್ ಕಟ್ಟರ್ ಆ ಹದವನ್ನು ಅಳಿಸಿಹಾಕುತ್ತದೆ. ಕಾಯಿಸಿದ ಜಾಗ ಮೆತ್ತಗಾಗಿ ಮತ್ತೆ ಕುಸಿಯುತ್ತದೆ, ಅಥವಾ ಒಂದು ದಿನ ಹೇಳದೆ ಕೇಳದೆ ತುಂಡಾಗುತ್ತದೆ. ಕಮಾನು ಮರಳಿ ತರಿಸಲೇಬೇಕೆಂದರೆ ಪೂರ್ತಿ ಶಾಖೋಪಚಾರ ಮಾಡುವ ಕಡೆಗೆ ಕಳಿಸಬೇಕು, ಇಲ್ಲವೇ ತಣ್ಣಗೆ ಬಗ್ಗಿಸುವವರಲ್ಲಿಗೆ ಒಯ್ಯಬೇಕು. ಹೊಸ ಸೆಟ್ಟು ಕೊಳ್ಳುವುದು ಎಷ್ಟೋ ಸಲ ಅದಕ್ಕಿಂತ ಅಗ್ಗವಾಗುತ್ತದೆ.

ಬಿಗಿ ಪ್ಲೇಟಿನ ಫಲ ಕಾಣುವುದು ನೆಲ ಓರೆಕೋರೆಯಾದಲ್ಲಿ. ಕಂಪ್ಲಿ ಕಡೆಯ ಗದ್ದೆಯ ಬದುವನ್ನು ಓರೆಯಾಗಿ ದಾಟುವಾಗ, ಸಂಡೂರಿನ ಗುಡ್ಡದ ಕೊರಕಲು ಹಾದಿ ಹತ್ತುವಾಗ, ಮುಂದಿನ ಎಡಚಕ್ರ ಮೇಲೇರಿದರೆ ಹಿಂದಿನ ಬಲಚಕ್ರವೂ ಮೇಲಕ್ಕೆ ಒತ್ತಲ್ಪಡುತ್ತದೆ. ಉಳಿದ ಎರಡು ಕೆಳಗೆ ಇಳಿದು ನೆಲ ಮುಟ್ಟಬೇಕು. ಬಿಗಿದ ಸೆಟ್ಟು ಇಳಿಯಲು ಬಿಡುವುದಿಲ್ಲ, ಚಕ್ರ ಗಾಳಿಯಲ್ಲಿ ತೂಗುತ್ತದೆ. ನಮ್ಮ ಹಳೆಯ ಜೀಪು, ಪಿಕಪ್‌ಗಳಲ್ಲಿ ಹೆಚ್ಚಿನವುಗಳ ಡಿಫರೆನ್ಷಿಯಲ್ಲಿಗೆ ಲಾಕ್ ಇಲ್ಲ. ಅಂಥ ಡಿಫರೆನ್ಷಿಯಲ್ ಎರಡೂ ಕಡೆಗೆ ಒಂದೇ ಬಲ ಹಂಚುತ್ತದೆ. ಒಂದು ಚಕ್ರಕ್ಕೆ ಹಿಡಿತವೇ ಇಲ್ಲದಾಗ ಅದನ್ನು ತಿರುಗಿಸಲು ಬೇಕಾಗುವ ಬಲ ಅತ್ಯಲ್ಪ, ನೆಲದ ಮೇಲಿರುವ ಜೊತೆಚಕ್ರಕ್ಕೂ ಅಷ್ಟೇ ಸಿಗುತ್ತದೆ. ಮುಂದೊಂದು ಹಿಂದೊಂದು ಚಕ್ರ ಹೀಗೆ ಗಾಳಿಯಲ್ಲಿ ಸುತ್ತಿದರೆ ಫೋರ್ ವೀಲ್ ಲಿವರ್ ಎಳೆದೂ ಗಾಡಿ ಅಲ್ಲೇ ನಿಲ್ಲುತ್ತದೆ. ಎತ್ತರ ಮಾಡಿಸಿದವನಿಗೆ ತನ್ನ ಗಾಡಿ ಮೊದಲಿಗಿಂತ ಬೇಗ ಸಿಕ್ಕಿಬೀಳುವುದೇಕೆಂದು ಅರ್ಥವಾಗುವುದಿಲ್ಲ. ನಾಲ್ಕು ಚಕ್ರಕ್ಕೂ ಬಲ ಕೊಡುವ ಇಡೀ ಏರ್ಪಾಡನ್ನು ಒಂದು ದಪ್ಪ ಪ್ಲೇಟು ಸೋಲಿಸಿರುತ್ತದೆ.

ಇನ್ನು ಎತ್ತರದ ವಿಚಾರ. ಪ್ಲೇಟು, ಆಕ್ಸಲ್ಲಿಗೂ ಪ್ಲೇಟಿಗೂ ನಡುವೆ ಇಡುವ ಬ್ಲಾಕು, ಉದ್ದ ಶ್ಯಾಕಲ್, ಯಾವುದರಿಂದ ಎತ್ತರಿಸಿದರೂ ಮೇಲೇಳುವುದು ಚಾಸಿಸ್ ಮತ್ತು ಬಾಡಿ. ಗಟ್ಟಿ ಆಕ್ಸಲ್ಲಿನ ಗಾಡಿಯಲ್ಲಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಡಿಫರೆನ್ಷಿಯಲ್ಲಿನ ಗುಂಡು ಕವಚ. ಅದು ಆಕ್ಸಲ್ಲಿನ ಜೊತೆಗೇ ಇರುವುದರಿಂದ ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಮೂರು ಇಂಚು ಎತ್ತರಿಸಿದ ಮೇಲೂ ದಾರಿ ನಡುವಿನ ಕಲ್ಲು ಅದಕ್ಕೆ ಮೊದಲಿನಂತೆಯೇ ಬಡಿಯುತ್ತದೆ. ಅದನ್ನು ಮೇಲೆತ್ತುವುದು ದೊಡ್ಡ ಟೈರು ಮಾತ್ರ, ಅದೂ ಟೈರಿನ ವ್ಯಾಸ ಎಷ್ಟು ಹೆಚ್ಚಿತೋ ಅದರ ಅರ್ಧದಷ್ಟು. ಎರೆ ಹೊಲದ ಕೆಸರಿನಲ್ಲಿ ಓಡಾಡಬೇಕಾದ ಎತ್ತಿನ ಬಂಡಿಗೆ ನಮ್ಮ ಬಡಿಗರು ದೊಡ್ಡ ಗಾಲಿ ಮಾಡಿದ್ದು ಇದನ್ನು ತಿಳಿದೇ: ಅಚ್ಚನ್ನು ಕೆಸರಿನಿಂದ ಮೇಲಿಡುವುದು ಗಾಲಿಯ ವ್ಯಾಸ, ಅದರ ಮೇಲೆ ಕಟ್ಟಿದ ಪೆಟ್ಟಿಗೆಯ ಎತ್ತರವಲ್ಲ. ಟೈರು ದೊಡ್ಡದಾದರೂ ಬೆಲೆ ತೆರಬೇಕು. ವ್ಯಾಸ ಶೇಕಡ 10 ಹೆಚ್ಚಿದರೆ ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ, ಗೇರುಗಳೆಲ್ಲ ಅಷ್ಟರಮಟ್ಟಿಗೆ ಭಾರವಾಗುತ್ತವೆ, ಬ್ರೇಕಿನ ಹಿಡಿತ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಹಾಗಾದರೆ ಎತ್ತರಿಸುವುದರಿಂದ ಲಾಭವೇ ಇಲ್ಲವೆ? ಇದೆ. ಹೊಂಡದಿಂದ ಮೇಲೇರುವಾಗ ಮುಂದಿನ ಬಂಪರ್ ನೆಲಕ್ಕೆ ತಾಗದಂತೆ, ಕಾಲುವೆ ಏರಿಯ ನೆತ್ತಿ ದಾಟುವಾಗ ಹೊಟ್ಟೆ ಉಜ್ಜದಂತೆ, ಇಳಿದ ಮೇಲೆ ಹಿಂಬದಿ ಬಡಿಯದಂತೆ ಆಗುತ್ತದೆ. ಪಿಕಪ್ಪಿನ ಚಕ್ರದಿಂದ ಚಕ್ರದ ಅಂತರ ಉದ್ದ, ಸರಕು ತುಂಬುವ ಹಿಂದಿನ ಡಾಲಾ ಇನ್ನೂ ಹೊರಚಾಚಿರುತ್ತದೆ. ಆದ್ದರಿಂದ ಜೀಪಿಗಿಂತ ಪಿಕಪ್ಪಿಗೆ ಈ ಲಾಭ ಹೆಚ್ಚು. ದೊಡ್ಡ ಟೈರು ಮಡ್‌ಗಾರ್ಡಿಗೆ ತಾಗದಿರಲೂ ಸ್ವಲ್ಪ ಜಾಗ ಬೇಕು. ತುಂಗಭದ್ರಾ ನೀರಾವರಿಯ ಗದ್ದೆಗಳ ನಡುವೆ, ನೀರು ಬಸಿದು ಜೌಗಾದ ಮಣ್ಣಿನ ಹಾದಿಗಳಲ್ಲಿ ಟ್ರ್ಯಾಕ್ಟರಿನ ಗಾಲಿ ಕೊರೆದ ಜಾಡು ಆಳವಾಗಿರುತ್ತದೆ. ಅಂಥ ಕಡೆ ಸುಗ್ಗಿಯಲ್ಲಿ ದಿನವೂ ಓಡಾಡುವವನಿಗೆ ಒಂದೂವರೆ ಎರಡು ಇಂಚು ನಿಜಕ್ಕೂ ಬೇಕಾಗಬಹುದು. ಅವನ ಬೇಡಿಕೆಯನ್ನು ಶೋಕಿ ಎಂದು ತಳ್ಳಿಹಾಕುವುದು ಅನ್ಯಾಯ. ಸಂಡೂರಿನ ಬೆಟ್ಟಸಾಲಿನ ನೆತ್ತಿಗೆ, ಕಾಡಿನ ಅಂಚಿಗೆ ಹೋಗಿಬರಬೇಕಾದ ಅರಣ್ಯದವರ, ಸರ್ವೆಯವರ ಗಾಡಿಗೂ ಇದೇ ಮಾತು ಸಲ್ಲುತ್ತದೆ. ಅಗತ್ಯ ಒಪ್ಪಿದ ಮೇಲೆ ಉಳಿಯುವುದು ಅದನ್ನು ಮಾಡುವ ಕ್ರಮ.

ಕ್ರಮದ ಮೊದಲ ಹೆಜ್ಜೆ ಅಳತೆ. ಗಾಡಿಯನ್ನು ಸಮತಟ್ಟಾದ ನೆಲದ ಮೇಲೆ ಖಾಲಿ ನಿಲ್ಲಿಸಿ ನಾಲ್ಕೂ ಚಕ್ರದ ನಡುಗುಂಬದಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ಎಡಬಲ ಹೊಂದದಿದ್ದರೆ ಪ್ಲೇಟು ಕುಸಿದಿದೆ, ಅಥವಾ ಬುಷ್ ಹೋಗಿದೆ, ಅಥವಾ ಚಾಸಿಸ್ಸೇ ತಿರುಚಿದೆ. ಹೊಸ ಸೆಟ್ಟು, ಹೊಸ ಬುಷ್, ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಹೊಸ ಯು ಬೋಲ್ಟ್ ಹಾಕಿ, ಶಾಕ್ ಅಬ್ಸಾರ್ಬರ್ ಬದಲಿಸಿದಾಗ ಗಾಡಿ ಕಂಪನಿಯಿಂದ ಬಂದ ಎತ್ತರಕ್ಕೆ ಮರಳುತ್ತದೆ. ಎಷ್ಟು ಎತ್ತರ ಬೇಕೆಂದು ಕೇಳಿ ಬಂದಿದ್ದರೋ ಅದರ ದೊಡ್ಡ ಭಾಗ ಎಷ್ಟೋ ಜನರಿಗೆ ಇಲ್ಲೇ ಸಿಕ್ಕಿಬಿಡುತ್ತದೆ. ಹಳೆಯ ಯು ಬೋಲ್ಟನ್ನು ಮತ್ತೆ ಬಿಗಿಯುವುದು ಎಲ್ಲೆಡೆ ಕಾಣುವ ತಪ್ಪು. ಒಮ್ಮೆ ಎಳೆದು ಬಿಗಿದ ಬೋಲ್ಟಿನ ಮರೆ ಹಿಗ್ಗಿರುತ್ತದೆ, ಎರಡನೆಯ ಸಲ ಅದು ಅದೇ ಬಿಗಿ ಹಿಡಿಯುವುದಿಲ್ಲ. ಹೊಸದನ್ನೂ ನಾಲ್ಕಾರು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಯಬೇಕು.

ಅದರಾಚೆಗೂ ಎತ್ತರ ಬೇಕೆಂದರೆ ಒಂದನ್ನು ಮುಟ್ಟಿದಾಗ ಅದಕ್ಕೆ ತಗುಲಿಕೊಂಡ ಎಲ್ಲವನ್ನೂ ನೋಡಬೇಕು. ಬಾಡಿ ಮೇಲೇಳುತ್ತಿದ್ದಂತೆ ಗೇರ್ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್ ಮೇಲೇಳುತ್ತವೆ, ಆಕ್ಸಲ್ ಅಲ್ಲೇ ಉಳಿಯುತ್ತದೆ, ನಡುವಿನ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಓರೆಯಾಗುತ್ತದೆ. ಓರೆ ಹೆಚ್ಚಿದಷ್ಟೂ ಜಾಯಿಂಟ್ ಕ್ರಾಸ್ ಬೇಗ ಸವೆಯುತ್ತದೆ, ಒಂದು ವೇಗ ದಾಟಿದೊಡನೆ ನೆಲಹಾಸಿನಡಿಯಿಂದ ನಡುಕ ಶುರುವಾಗುತ್ತದೆ. ಆ ನಡುಕಕ್ಕೆ ಚಕ್ರದ ಬ್ಯಾಲೆನ್ಸಿಂಗ್ ಮಾಡಿಸುತ್ತಾ ದುಡ್ಡು ಕಳೆಯುವವರಿದ್ದಾರೆ. ಮುಂದಿನ ಚಕ್ರದ ಕ್ಯಾಸ್ಟರ್ ಕೋನ ಕಡಿಮೆಯಾದರೆ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಮುಂದಿನ ಪ್ಲೇಟಿಗೆ ಮುಂಬದಿ ಉದ್ದ ಶ್ಯಾಕಲ್ ಹಾಕಿದಾಗ ಆಗುವುದು ಇದು. ಸ್ಟೇರಿಂಗಿನಿಂದ ಆಕ್ಸಲ್ಲಿಗೆ ಬರುವ ಕಡ್ಡಿ ಓರೆಯಾದರೆ ಪ್ರತಿ ಗುಂಡಿಯಲ್ಲೂ ಗಾಡಿ ತಾನೇ ಪಕ್ಕಕ್ಕೆ ಎಳೆಯುತ್ತದೆ. ಬ್ರೇಕಿನ ರಬ್ಬರ್ ಹೋಸ್ ಗಿಡ್ಡವಾಗಿ, ಚಕ್ರ ಪೂರ್ತಿ ಕೆಳಗಿಳಿದಾಗ ಸೆಟೆದು ಹರಿಯಬಹುದು. ಹಳೆಯ ಉದ್ದದ ಶಾಕ್ ಅಬ್ಸಾರ್ಬರ್ ಎತ್ತರಿಸಿದ ಗಾಡಿಯಲ್ಲಿ ಚಕ್ರವನ್ನು ಅರ್ಧದಲ್ಲೇ ತಡೆದು ಹಿಡಿಯುತ್ತದೆ. ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಇಟ್ಟು ಎತ್ತರಿಸುವುದಂತೂ ಕೂಡದು. ಬ್ರೇಕ್ ಹಾಕಿದಾಗ ಅಲ್ಲಿ ಬೀಳುವ ತಿರುಚು ಬ್ಲಾಕನ್ನು ಕಳಚಿಬಿಡಬಲ್ಲದು.

ಬಹಳ ಮಂದಿ ಕಡೆಗಣಿಸುವ ಇನ್ನೊಂದು ಭಾಗವಿದೆ. ಕೆಲವು ಪಿಕಪ್‌ಗಳ ಹಿಂದಿನ ಆಕ್ಸಲ್ಲಿನ ಹತ್ತಿರ, ಹೊರೆಗೆ ತಕ್ಕಂತೆ ಹಿಂಬದಿ ಬ್ರೇಕಿನ ಒತ್ತಡ ಹೊಂದಿಸುವ ಒಂದು ವಾಲ್ವ್ ಇರುತ್ತದೆ. ಚಾಸಿಸ್ಸಿಗೂ ಆಕ್ಸಲ್ಲಿಗೂ ನಡುವಿನ ಅಂತರ ನೋಡಿ ಅದು ಹೊರೆ ಎಷ್ಟೆಂದು ತಿಳಿಯುತ್ತದೆ. ಅಂತರ ಕಡಿಮೆಯಾದರೆ ಗಾಡಿ ತುಂಬಿದೆ ಎಂದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ, ಹೆಚ್ಚಾದರೆ ಖಾಲಿ ಎಂದು ಕಡಿಮೆ ಬಿಡುತ್ತದೆ. ಎತ್ತರಿಸಿದ ಗಾಡಿಯಲ್ಲಿ ಆ ವಾಲ್ವ್ ಹೊಸದಾಗಿ ಹೊಂದಿಸದೆ ಬಿಟ್ಟರೆ, ಡಾಲಾ ತುಂಬ ಭತ್ತದ ಚೀಲ ಹೇರಿದಾಗಲೂ ಗಾಡಿ ಖಾಲಿ ಎಂದೇ ಅದು ತಿಳಿಯುತ್ತದೆ. ಬ್ರೇಕ್ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ ಹಿಂದಿನ ಬ್ರೇಕ್ ಅರೆಮನಸ್ಸಿನಲ್ಲಿ ಹಿಡಿಯುತ್ತದೆ. ಸಂಡೂರಿನ ಘಾಟಿ ಇಳಿಯುವಾಗ ಇದರ ಅರ್ಥವೇನೆಂದು ಯೋಚಿಸಿದರೆ ಮೈ ಝುಂ ಎನ್ನುತ್ತದೆ.

ಇಲ್ಲಿಯವರೆಗಿನ ನಷ್ಟವೆಲ್ಲ ಮಾಲೀಕನದು. ಎತ್ತರದ ಬೆಲೆಯನ್ನು ಮಿಕ್ಕವರು ತೆರುವ ಸಂದರ್ಭಗಳು ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತವೆ. ಗಾಡಿ ಪಲ್ಟಿಯಾಗುವುದು ಎರಡು ಅಳತೆಗಳ ಮೇಲೆ ನಿಂತಿದೆ: ಎಡ ಬಲ ಚಕ್ರಗಳ ನಡುವಿನ ಅಗಲ ಮತ್ತು ಗುರುತ್ವ ಕೇಂದ್ರದ ಎತ್ತರ. ಅಗಲದ ಅರ್ಧವನ್ನು ಎತ್ತರದಿಂದ ಭಾಗಿಸಿದರೆ ಬರುವ ಅಂಕ ಅದರ ಸ್ಥಿರತೆಯ ಒರಟು ಅಳತೆ. ಅಗಲ 1,400 ಮಿಲಿಮೀಟರ್, ಕೇಂದ್ರ 700 ಮಿಲಿಮೀಟರ್ ಎತ್ತರದಲ್ಲಿದೆ ಎಂದಿಟ್ಟುಕೊಂಡರೆ ಅಂಕ 1. ಗಾಡಿ ಎತ್ತರಿಸಿ ಕೇಂದ್ರ 780ಕ್ಕೆ ಏರಿದರೆ ಅದು 0.9ಕ್ಕೆ ಇಳಿಯುತ್ತದೆ. ನಿಂತ ಗಾಡಿ ಉರುಳಲು ಬೇಕಾದ ಓರೆ 45 ಡಿಗ್ರಿಯಿಂದ 42ಕ್ಕೆ ಬರುತ್ತದೆ. ಓಡುವ ಗಾಡಿಯ ಪ್ಲೇಟು ಒಂದು ಕಡೆ ಅದುಮಿ ಟೈರು ಬಾಗುವುದರಿಂದ ಅಷ್ಟೂ ಉಳಿಯುವುದಿಲ್ಲ. ಮೂರು ಡಿಗ್ರಿ ಕೇಳಲು ಅಲ್ಪ. ಆದರೆ ನಮ್ಮಲ್ಲಿ ಪಿಕಪ್ ಎಂದರೆ ಬೆಳಗಿನ ಜಾವ ಡಾಲಾದಲ್ಲಿ ಹತ್ತಿಪ್ಪತ್ತು ಜನ ಹೆಣ್ಣುಮಕ್ಕಳನ್ನು ನಾಟಿಗೋ ಕಳೆ ತೆಗೆಯುವುದಕ್ಕೋ ಕರೆದೊಯ್ಯುವ ಗಾಡಿ. ಹಾಗೆ ಜನ ಸಾಗಿಸುವುದು ಕಾನೂನಿಗೆ ವಿರುದ್ಧ, ಆದರೂ ದಿನವೂ ನಡೆಯುತ್ತದೆ. ನಿಂತುಕೊಂಡ ಜನರ ಭಾರ ಡಾಲಾದ ನೆಲಕ್ಕಿಂತ ಸುಮಾರು ಎರಡು ಮೊಳ ಮೇಲಿರುತ್ತದೆ. ಕಾಲುವೆಯ ಏರಿಯ ಮೇಲೆ ಎದುರಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಅಂಚಿಗೆ ಸರಿದಾಗ ಆ ಮೂರು ಡಿಗ್ರಿಯಲ್ಲಿ ಅವರ ಜೀವವಿರುತ್ತದೆ. ಗಾಡಿ ಎತ್ತರಿಸಿದ್ದು ಅವರನ್ನು ಕೇಳಿ ಅಲ್ಲ.

ಹಂಪಿಯಲ್ಲಿ ಇದು ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಕಮಲಾಪುರದಿಂದ ಹಂಪಿಗೆ, ಕಡ್ಡಿರಾಂಪುರದ ಕಡೆಗೆ, ಆನೆಗೊಂದಿಯ ಸುತ್ತ ರಸ್ತೆ ಕಿರಿದು, ನಡೆದು ಬರುವ ಯಾತ್ರಿಕರು, ಬಾಡಿಗೆ ಮೊಪೆಡ್ಡಿನ ಪ್ರವಾಸಿಗರು, ಬಾಳೆತೋಟಕ್ಕೆ ಹೋಗುವ ಸೈಕಲ್ಲು ಎಲ್ಲ ಅದರಲ್ಲೇ. ಎತ್ತರಿಸಿದ ಗಾಡಿಯ ಬಾನೆಟ್ಟಿನ ಮುಂದೆ ಚಾಲಕನಿಗೆ ಕಾಣದ ಜಾಗ ಹಿಗ್ಗುತ್ತದೆ, ಚಿಕ್ಕ ಮಗು ಅದರಲ್ಲಿ ಪೂರ್ತಿ ಮುಚ್ಚಿಹೋಗುತ್ತದೆ. ಹೆಡ್‌ಲೈಟ್ ಕೆಳಕ್ಕೆ ತಿರುಗಿಸದಿದ್ದರೆ ಅದು ಎದುರಿನ ಬೈಕಿನವನ ಕಣ್ಣಿಗೆ ನೇರ ಹೊಡೆಯುತ್ತದೆ. ಬಂಪರ್ ಸವಾರನ ಎದೆಗೆ ಇನ್ನಷ್ಟು ಹತ್ತಿರವಾಗುತ್ತದೆ. ಇದರ ಮೇಲೆ ಈಚಿನ ವರ್ಷಗಳಲ್ಲಿ ರೀಲ್ಸಿಗಾಗಿ ಬಂಡೆ ಹತ್ತಿಸುವ ಚಟವೂ ಸೇರಿದೆ. ಹಂಪಿ 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. ತಳವಾರಘಟ್ಟದ ಹತ್ತಿರ ಆನೆಗೊಂದಿಗೆ ಕಟ್ಟಹೊರಟ ಸೇತುವೆ, ಅದು ತರಬಹುದಾದ ಭಾರಿ ವಾಹನಗಳ ಓಡಾಟ ಅದಕ್ಕೆ ಒಂದು ಮುಖ್ಯ ಕಾರಣ. ಅಲ್ಲಿನ ಬಂಡೆ ಬರೀ ಬಂಡೆಯಲ್ಲ. ಎಷ್ಟೋ ಹಾಸುಗಲ್ಲಿನ ಮೇಲೆ ಶಾಸನವಿದೆ, ಕಂಬ ನೆಟ್ಟ ಕುಳಿ ಇದೆ, ಕಲ್ಲು ಸೀಳಿದ ಉಳಿಗುರುತಿನ ಸಾಲಿದೆ. ದರೋಜಿಯ ಕಡೆಗೆ ಹೋದರೆ 1994ರಲ್ಲಿ ಘೋಷಣೆಯಾದ ಕರಡಿಧಾಮ. ಈ ನೆಲ ಯಾರ ಗಾಡಿಯ ಬಲಪರೀಕ್ಷೆಗೂ ಇರುವುದಲ್ಲ. ಇಲ್ಲಿ ನನಗೆ ರಾಜಿಯೇ ಇಲ್ಲ.

ಎತ್ತರ ಕೊಡುವ ಸುಳ್ಳು ಧೈರ್ಯದ ಬಗ್ಗೆಯೂ ಹೇಳಬೇಕು. ತುಂಗಭದ್ರಾ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುವುದು ಈ ಭಾಗದ ಮಳೆಗಾಲದ ಮಾಮೂಲಿ ಸುದ್ದಿ. ಎತ್ತರಿಸಿದ ಗಾಡಿ ಇದ್ದವನಿಗೆ ಮೊಣಕಾಲುದ್ದ ನೀರು ಲೆಕ್ಕಕ್ಕಿಲ್ಲ ಎನಿಸುತ್ತದೆ. ಹರಿಯುವ ನೀರಿನ ಲೆಕ್ಕ ಬೇರೆ. ಒಂದು ಅಡಿ ನೀರು ಸಣ್ಣ ಕಾರನ್ನೂ ಎರಡು ಅಡಿ ನೀರು ಪಿಕಪ್ ಸೇರಿದಂತೆ ಹೆಚ್ಚಿನ ವಾಹನಗಳನ್ನೂ ಕೊಚ್ಚಿಕೊಂಡು ಹೋಗಬಲ್ಲದೆಂದು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ವರ್ಷ ವರ್ಷ ಎಚ್ಚರಿಸುತ್ತದೆ. ನೀರು ಬಾಡಿಯನ್ನು ತೇಲಿಸಿದೊಡನೆ ಟೈರಿನ ಮೇಲಿನ ಭಾರ ಹೋಗುತ್ತದೆ, ಭಾರ ಹೋದ ಟೈರಿಗೆ ಹಿಡಿತವಿಲ್ಲ. ಎರಡು ಇಂಚು ಎತ್ತರಿಸಿದ್ದರಿಂದ ಅಂಥ ನೀರಿನಲ್ಲಿ ಸಿಗುವುದು ಎರಡು ಇಂಚು ಮಾತ್ರ.

ಕಾನೂನಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು ಎನ್ನುತ್ತದೆ. 2019ರ ಜನವರಿ 9ರಂದು ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಸಡಿಲ ಅರ್ಥವನ್ನು ತಳ್ಳಿಹಾಕಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಅಪಘಾತವಾದಾಗ ವಿಮಾ ಕಂಪನಿ ಇದೇ ಕಾರಣ ಹಿಡಿದು ತಗಾದೆ ತೆಗೆಯಬಹುದು. ಇದನ್ನು ಓದಿದವರು ಗಾಡಿ ಎತ್ತರಿಸುವುದು ನಿಂತಿರಬೇಕು ಎಂದುಕೊಳ್ಳುತ್ತಾರೆ. ನಿಂತಿಲ್ಲ. ಆರ್‌ಸಿಯಲ್ಲಿ ಗಾಡಿ ನೆಲದಿಂದ ಎಷ್ಟು ಮೇಲಿದೆ ಎಂಬ ಕಲಮೇ ಇಲ್ಲ. ಫಿಟ್‌ನೆಸ್ಸಿನ ದಿನ ಹಳೆ ಟೈರು ಹಾಕಿಕೊಂಡು ಹೋಗಿ ಬಂದರೆ ಮುಗಿಯಿತು. ಕೆಲಸ ಗುಟ್ಟಾಗಿ ನಡೆಯುವುದರಿಂದ ಬ್ರೇಕ್ ಹೋಸಿನ ಉದ್ದ ನೋಡಿದ ಎಚ್ಚರದ ಮೇಸ್ತ್ರಿಗೂ, ಲಾರಿ ಪ್ಲೇಟು ಕತ್ತರಿಸಿ ಕೂರಿಸಿದವನಿಗೂ ಕಾನೂನಿನ ಮುಂದೆ ಭೇದವಿಲ್ಲ. ಒಳ್ಳೆಯ ಕೆಲಸಕ್ಕೆ ರಸೀದಿ ಇಲ್ಲದಲ್ಲಿ ಅಗ್ಗದ ಕೆಲಸವೇ ಗೆಲ್ಲುತ್ತದೆ.

ಹೊರೆಯ ವಿಷಯದಲ್ಲಿ ಕಾನೂನು ನಡೆದುಕೊಂಡ ರೀತಿಯನ್ನು ಇದರ ಪಕ್ಕ ಇಟ್ಟು ನೋಡಬೇಕು. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಬೆಳೆಯುತ್ತದೆ ಎಂಬುದು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ರಸ್ತೆ ಪರೀಕ್ಷೆಯಿಂದ ತಿಳಿದ ವಿಷಯ. ಭಾರ ಒಂದೂವರೆ ಪಟ್ಟಾದರೆ ಹಾನಿ ಐದು ಪಟ್ಟು, ಎರಡು ಪಟ್ಟಾದರೆ ಹದಿನಾರು ಪಟ್ಟು. ಹೊಸಪೇಟೆಯ ಸುತ್ತಿನ ರಸ್ತೆಗಳು ಅದಿರಿನ ಕಾಲದಲ್ಲಿ ಹೇಗೆ ಹುಡಿಯಾದವೆಂಬುದಕ್ಕೆ ಬೇರೆ ವಿವರಣೆ ಬೇಡ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ಭಾರದ ಮಿತಿಯನ್ನೇ ಏರಿಸಿತು. ನಾಲ್ಕು ಟೈರಿನ ಒಂದು ಆಕ್ಸಲ್ಲಿಗೆ 10 ಟನ್ ಚಿಲ್ಲರೆ ಇದ್ದದ್ದು 11.5 ಟನ್ ಆಯಿತು. ಲಾರಿಯ ಉದ್ಯಮ ಕೇಳಿದಾಗ ಅಳತೆ ಮಾಡಿ, ಸಂಖ್ಯೆ ಗೊತ್ತುಪಡಿಸಿ ಮಿತಿ ಬದಲಿಸಬಹುದಾದರೆ, ಜೌಗು ಹಾದಿಯ ರೈತನಿಗೂ ಅಳತೆ ಮಾಡಿದ ಒಂದು ಮಿತಿಯನ್ನು ಏಕೆ ಗೊತ್ತುಪಡಿಸಬಾರದು? ಇದಕ್ಕೆ ಹೊಸ ಕಾಯ್ದೆಯೂ ಬೇಕಿಲ್ಲ. ಬದಲಾವಣೆಗಳಿಗೆ ತಾಂತ್ರಿಕ ವಿವರ, ಅನುಮೋದನೆಯ ಷರತ್ತು ಗೊತ್ತುಪಡಿಸುವ ಅಧಿಕಾರವನ್ನು 2019ರ ತಿದ್ದುಪಡಿಯೇ 52ನೇ ಸೆಕ್ಷನ್ನಿನಲ್ಲಿ ಕೇಂದ್ರಕ್ಕೆ ಕೊಟ್ಟಿದೆ. ಆಸ್ಟ್ರೇಲಿಯಾದಲ್ಲಿ ಲಘುವಾಹನಗಳ ಬದಲಾವಣೆಗೆ ರಾಷ್ಟ್ರೀಯ ಸಂಹಿತೆಯೊಂದಿದೆ, ಸಣ್ಣ ಬದಲಾವಣೆಗೂ ದೊಡ್ಡ ಬದಲಾವಣೆಗೂ ಬೇರೆ ಬೇರೆ ನಿಯಮಗಳಿವೆ, ದೊಡ್ಡದಕ್ಕೆ ಮಾನ್ಯತೆ ಪಡೆದ ಇಂಜಿನಿಯರ್ ಪರೀಕ್ಷಿಸಿ ಸಹಿ ಹಾಕಬೇಕು. ಜರ್ಮನಿಯಲ್ಲಿ ಪರೀಕ್ಷಕರು ಒಪ್ಪಿದ ಬದಲಾವಣೆ ವಾಹನದ ದಾಖಲೆಯಲ್ಲೇ ಸೇರುತ್ತದೆ.

ನಮ್ಮಲ್ಲಿ ಅಂಥ ಪರೀಕ್ಷೆ ಯಾರು ಮಾಡುತ್ತಾರೆ ಎಂದು ಕೇಳಬಹುದು. ಹೊಸಪೇಟೆಯಲ್ಲಿ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯವಿದೆ, ಬಳ್ಳಾರಿಯಲ್ಲಿ ಇಂಜಿನಿಯರಿಂಗ್ ಕಾಲೇಜುಗಳಿವೆ, ಅವುಗಳಲ್ಲಿ ಮೆಕ್ಯಾನಿಕಲ್ ವಿಭಾಗಗಳಿವೆ. ಬೇಕಾದ ಸಲಕರಣೆಯೂ ಈ ನೆಲದಲ್ಲೇ ಇದೆ, ಅದಿರು ತೂಗಲು ಸಂಡೂರು–ತೋರಣಗಲ್ಲು ಸುತ್ತ ನಿಂತಿರುವ ವೇಬ್ರಿಡ್ಜ್‌ಗಳು. ಗುರುತ್ವ ಕೇಂದ್ರವನ್ನು ಅಳೆಯಲು, ಗಾಡಿಯ ಪ್ಲೇಟುಗಳು ಅದುಮದಂತೆ ಕಟ್ಟೆ ಕೊಟ್ಟು, ಮೊದಲು ಸಮನಾಗಿ ನಿಲ್ಲಿಸಿ ಮುಂದಿನ ಆಕ್ಸಲ್ ಮಾತ್ರ ತೂಗಬೇಕು. ಆಮೇಲೆ ಹಿಂದಿನ ಚಕ್ರಗಳನ್ನು ಗೊತ್ತಾದ ಎತ್ತರದ ಇಳಿಜಾರಿನ ಮೇಲೆ ಹತ್ತಿಸಿ ಮತ್ತೆ ತೂಗಬೇಕು. ಮುಂದಿನ ಆಕ್ಸಲ್ಲಿನ ತೂಕ ಎಷ್ಟು ಹೆಚ್ಚಿತು ಎಂಬುದರಿಂದ ಗುರುತ್ವ ಕೇಂದ್ರ ನೆಲದಿಂದ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕಬಹುದು. ಲಾರಿಯ ಟನ್ ಲೆಕ್ಕದ ವೇಬ್ರಿಡ್ಜಿಗೆ ಅಷ್ಟು ಸೂಕ್ಷ್ಮ ಸಾಲದಿದ್ದರೆ ಚಕ್ರದಡಿ ಇಡುವ ಸಣ್ಣ ತೂಕದ ಹಲಗೆಗಳು ಸಾಕು. ಪ್ಲೇಟಿನ ಸಂಖ್ಯೆ ಮತ್ತು ದಪ್ಪ, ಬ್ರೇಕ್ ಹೋಸಿನ ಉದ್ದ, ಪ್ರೊಪೆಲ್ಲರ್ ಶಾಫ್ಟಿನ ಕೋನ, ಹೊರೆ ವಾಲ್ವಿನ ಹೊಂದಾಣಿಕೆ, ಹೆಡ್‌ಲೈಟಿನ ಮಟ್ಟ, ಇವುಗಳ ಜೊತೆ ಸ್ಥಿರತೆಯ ಆ ಒಂದು ಅಂಕವನ್ನೂ ಬರೆದು, ಕೆಲಸ ಮಾಡಿದ ಮೇಸ್ತ್ರಿಯ ಹೆಸರು, ಪರೀಕ್ಷಿಸಿದ ಇಂಜಿನಿಯರ್ ಸಹಿ ಹಾಕಿ ಹೊಸಪೇಟೆಯ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಸೇರಿಸಲಿ. ಮೊದಲ ವರ್ಷ ಎರಡು ಇಂಚಿನ ಒಳಗಿನ ಕೆಲಸಕ್ಕೆ ಮಾತ್ರ, ಹೊಲ ಮತ್ತು ಕಾಡಿನ ಅಗತ್ಯ ತೋರಿಸಿದವರಿಗೆ ಮಾತ್ರ ಇದನ್ನು ತೆರೆದರೂ ಸಾಕು.